ಊದುತ್ತಾ ನಡೆಯೋದು ಕಲಿತ ಮೇಲೆ

ಮಾರ್ಚಿಂಗ್ ಬ್ಯಾಂಡ್ ಸೇರಿದರೆ ಶಿಸ್ತು ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗಂತೂ ಬರಲಿಲ್ಲ. ಬೆಳಿಗ್ಗೆ ಬೇಗ ಏಳೋದು ಈಗಲೂ ಕಷ್ಟವೇ, ಮೇಜಿನ ಮೇಲೆ ಕಾಗದಗಳು ಈಗಲೂ ಹರಡಿಕೊಂಡೇ ಇರುತ್ತವೆ. ಆದರೆ ಬೇರೆ ಕೆಲವು ಲಾಭಗಳು ಸಿಕ್ಕವು, ಅವುಗಳ ಬಗ್ಗೆ ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ನನ್ನ ವಾದ್ಯ ಯೂಫೋನಿಯಂ. ಹೆಸರು ಕೇಳದವರೇ ಜಾಸ್ತಿ. ಟ್ಯೂಬಾ ಅನ್ನುವ ದೊಡ್ಡ ಊದುವ ವಾದ್ಯದ ತಮ್ಮ ಅಂದುಕೊಳ್ಳಿ. ಹಿತ್ತಾಳೆಯದ್ದು, ನಾಲ್ಕು ಕೆಜಿ ಆಸುಪಾಸು ತೂಕ, ತಗ್ಗಿನ ದನಿ. ಬ್ಯಾಂಡ್ ಹೋಗುವಾಗ ಜನ ಟ್ರಂಪೆಟ್ ಕೇಳಿಸಿಕೊಳ್ಳುತ್ತಾರೆ, ಡ್ರಮ್ ಕೇಳಿಸಿಕೊಳ್ಳುತ್ತಾರೆ, ಮೈಗೆ ಸುತ್ತಿಕೊಂಡ ದೊಡ್ಡ ಸೂಸಾಫೋನನ್ನು ಬಾಯಿಬಿಟ್ಟು ನೋಡುತ್ತಾರೆ. ಯೂಫೋನಿಯಂ ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ಟ್ರಂಪೆಟ್‌ನವರು ಮುಖ್ಯ ರಾಗ ನುಡಿಸುತ್ತಿದ್ದರೆ ನಾವು ಅದರ ಕೆಳಗೆ ಇನ್ನೊಂದು ರಾಗ ನುಡಿಸುತ್ತಾ ಇರುತ್ತೇವೆ. ಅದು ನಿಂತಾಗ ಮಾತ್ರ, ಏನೋ ಕಡಿಮೆಯಾಯಿತಲ್ಲ ಅಂತ ಕೇಳುವವರಿಗೆ ಅನಿಸುತ್ತದೆ.

ಬ್ಯಾಂಡ್ ಸೇರುವ ಹೊತ್ತಿಗೆ ನಾನು ಮನೆಯಲ್ಲಿ ಕುರ್ಚಿಯಲ್ಲಿ ಕೂತು ಒಬ್ಬನೇ ನುಡಿಸುವ ರೂಢಿಯವನು. ಓದುವ ವಯಸ್ಸು ಯಾವಾಗಲೋ ಮುಗಿದಿತ್ತು. ಒಬ್ಬನೇ ನುಡಿಸುವವರಿಗೆ ಒಂದು ಚಟ ಇರುತ್ತದೆ. ಒಂದು ಸ್ವರ ಜಾರಿತು ಅಂದರೆ ನಿಲ್ಲಿಸುವುದು, ಹಿಂದಕ್ಕೆ ಹೋಗುವುದು, ಮತ್ತೆ ಶುರು ಮಾಡುವುದು. ಅಭ್ಯಾಸಕ್ಕೆ ಅದು ಒಳ್ಳೆಯದೇ. ಆದರೆ ಅದನ್ನೇ ವರ್ಷಗಟ್ಟಲೆ ಮಾಡಿದರೆ ನಿಲ್ಲಿಸುವುದನ್ನೂ ಅಭ್ಯಾಸ ಮಾಡಿದ ಹಾಗೆಯೇ ಆಗುತ್ತದೆ, ಅಲ್ವಾ? ನನಗೆ ಇದು ಹೊಳೆದದ್ದು ಬಹಳ ತಡವಾಗಿ.

ಮೊದಲ ಕೆಲವು ವಾರ ಬ್ಯಾಂಡ್ ಮಾಸ್ಟರ್ ವಾದ್ಯ ಮುಟ್ಟಲೇ ಬಿಡಲಿಲ್ಲ. ಬರೀ ಕಾಲು. ಇದ್ದಲ್ಲೇ ಹೆಜ್ಜೆ ಹಾಕುವುದು, ಅದೂ ಗಟ್ಟಿಯಾಗಿ ಎಣಿಸುತ್ತಾ. ಎಡಗಾಲು ಯಾವಾಗಲೂ ಮೊದಲ ಬೀಟಿಗೆ, ಬೇಸ್ ಡ್ರಮ್ಮಿನ ಏಟಿನ ಜೊತೆಗೇ ನೆಲ ಮುಟ್ಟಬೇಕು. ಆಮೇಲೆ ಮುಂದಕ್ಕೆ ನಡೆಯುವುದು. ಹಿಮ್ಮಡಿ ಮೊದಲು ಊರಿ, ಪಾದವನ್ನು ನಿಧಾನವಾಗಿ ಬೆರಳಿನ ತುದಿಯವರೆಗೆ ಉರುಳಿಸುವುದು. ಮಂಡಿ ಬಿಗಿ ಇರಬಾರದು. ಇಷ್ಟು ಯಾಕೆ ಅಂತ ಒಬ್ಬರು ಕೇಳಿದ್ದಕ್ಕೆ ಮಾಸ್ಟ್ರು ಹೇಳಿದ್ದು: "ಸೊಂಟದ ಕೆಳಗೆ ಒಬ್ಬ ನಡೀಬೇಕು, ಸೊಂಟದ ಮೇಲೆ ಇನ್ನೊಬ್ಬ ಸುಮ್ನೆ ನಿಂತಿರಬೇಕು. ಇಬ್ಬರಿಗೂ ಪರಿಚಯಾನೇ ಇರಬಾರದು."

ವಾದ್ಯ ಕೈಗೆ ಬಂದ ದಿನ ಕಾರಣ ಗೊತ್ತಾಯಿತು. ಹೆಜ್ಜೆ ಧಪ್ ಅಂತ ಬಿದ್ದರೆ ಅದರ ಕುಲುಕು ಬೆನ್ನು ಹತ್ತಿ ಮೌತ್‌ಪೀಸಿಗೆ ಬರುತ್ತದೆ, ಮೌತ್‌ಪೀಸು ತುಟಿಗೆ ಗುದ್ದುತ್ತದೆ. ಸ್ವರವೂ ಹೆಜ್ಜೆಗೊಂದು ಸಲ ಕುಲುಕುತ್ತದೆ. ನಡೆಯುವುದು ಸರಿಯಾದರೆ ಮಾತ್ರ ಊದುವುದು ಸರಿಯಾಗುತ್ತದೆ.

ನಾನು ದಿನವಿಡೀ ಕೂತು ಕೆಲಸ ಮಾಡುವವನು. ಸಂಜೆಯಾದರೆ ಸೊಂಟದ ಮೇಲೆ ಒಂದು ಹಿಡಿತ ಇದ್ದೇ ಇರುತ್ತಿತ್ತು. ಬ್ಯಾಂಡ್ ಸೇರಿ ಕೆಲವು ತಿಂಗಳಾದ ಮೇಲೆ ಅದು ಇಲ್ಲ ಅನ್ನುವುದು ಗಮನಕ್ಕೆ ಬಂತು. ಯಾವತ್ತು ಹೋಯಿತೋ ಗೊತ್ತಿಲ್ಲ. ಎದೆ ಎತ್ತಿ, ಭುಜ ಇಳಿಬಿಟ್ಟು, ನಾಲ್ಕು ಕೆಜಿ ಹಿತ್ತಾಳೆಯನ್ನು ಅಪ್ಪಿ ಹಿಡಿದು ನಡೆಯುವಾಗ ಬೆನ್ನು ಬಗ್ಗಿಸಲು ಸಾಧ್ಯವೇ ಇಲ್ಲ, ಬಗ್ಗಿಸಿದರೆ ಉಸಿರು ಸಾಲುವುದಿಲ್ಲ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಸೂಸಾಫೋನ್‌ನವರನ್ನು ಕೇಳಿದರೆ ಉತ್ತರ ಬೇರೆ ಬರಬಹುದು, ಅವರ ಎಡ ಭುಜದ ಮೇಲೆ ಹತ್ತು ಕೆಜಿಗಿಂತ ಜಾಸ್ತಿ ಭಾರ ಕೂತಿರುತ್ತದೆ. (ಆ ವಾದ್ಯಕ್ಕೆ ಹೆಸರು ಕೊಟ್ಟ ಅಮೆರಿಕದ ಬ್ಯಾಂಡ್ ಮಾಸ್ಟರ್ ಜಾನ್ ಫಿಲಿಪ್ ಸೂಸಾ 1890ರ ದಶಕದಲ್ಲಿ ಅದನ್ನು ಮಾಡಿಸಿದಾಗ ಅದರ ಬಾಯಿ ಆಕಾಶ ನೋಡುತ್ತಿತ್ತಂತೆ. ಮಳೆ ಬಂದರೆ ಏನು ಗತಿಯೋ!)

ಇನ್ನು ಉಸಿರಿನ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ಆರಾಮವಾಗಿ ಕೂತಿದ್ದಾಗ ನಾವು ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ದೊಡ್ಡವರ ಶ್ವಾಸಕೋಶದಲ್ಲಿ ಅದರ ಎಂಟು ಹತ್ತು ಪಟ್ಟು ಜಾಗ ಇರುತ್ತದೆ, ಬಳಸುವುದಿಲ್ಲ ಅಷ್ಟೆ. ಬ್ಯಾಂಡಿನಲ್ಲಿ ಅದನ್ನು ಬಳಸಲೇಬೇಕಾಗುತ್ತದೆ. ಸಾಮಾನ್ಯ ಮಾರ್ಚಿನ ವೇಗ ನಿಮಿಷಕ್ಕೆ 120 ಬೀಟ್, ಅಂದರೆ ಸೆಕೆಂಡಿಗೆ ಎರಡು ಹೆಜ್ಜೆ. ಎಂಟು ಬೀಟಿನ ಒಂದು ಸಾಲು ನಾಲ್ಕೇ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ನಾಲ್ಕು ಸೆಕೆಂಡ್ ಊದುವುದು ಏನು ಮಹಾ ಅಂತ ಕೂತು ನುಡಿಸುವಾಗ ಅನಿಸುತ್ತದೆ. ನಡೆಯುವಾಗ ಕಾಲುಗಳೂ ಅದೇ ಗಾಳಿಗೆ ಕೈಚಾಚುತ್ತವೆ. ಊದುವುದಕ್ಕೆ ಇಟ್ಟುಕೊಂಡದ್ದನ್ನು ಕಾಲು ತಿಂದುಹಾಕುತ್ತದೆ. ಶುರುವಿನಲ್ಲಿ ಒಂದು ಇಡೀ ಮಾರ್ಚ್ ಮುಗಿಯುವ ಹೊತ್ತಿಗೆ ಕಣ್ಣು ಕತ್ತಲೆ ಬಂದಂತಾಗುತ್ತಿತ್ತು, ಏದುಸಿರು ಬಿಡುತ್ತಾ ನಿಂತಿರುತ್ತಿದ್ದೆ. ಅದೇ ಹೊತ್ತಿಗೆ ನನಗಿಂತ ಎಷ್ಟೋ ಹಿರಿಯರಾದ ಕ್ಲಾರಿನೆಟ್ ನುಡಿಸುವ ಒಬ್ಬರು ಪಕ್ಕದಲ್ಲಿ ನಿಂತು ನಿರಾಳವಾಗಿ ಹರಟೆ ಹೊಡೆಯುತ್ತಿದ್ದರು.

ಆಮೇಲೆ ಅಭ್ಯಾಸ ಶುರುವಾಯಿತು. ನಾಲ್ಕು ಹೆಜ್ಜೆ ಉಸಿರು ಒಳಗೆ, ಎಂಟು ಹೆಜ್ಜೆ ಹೊರಗೆ. ಎರಡು ಹೆಜ್ಜೆ ಒಳಗೆ, ಎಂಟು ಹೊರಗೆ. ಕೊನೆಗೆ ಒಂದೇ ಹೆಜ್ಜೆಯಲ್ಲಿ ಹೊಟ್ಟೆಯವರೆಗೂ ಗಾಳಿ ತುಂಬಿಕೊಂಡು ಹನ್ನೆರಡು ಹೆಜ್ಜೆ ಬಿಡುವುದು. ಭುಜ ಮೇಲೇಳಬಾರದು, ಪಕ್ಕೆ ಅಗಲವಾಗಬೇಕು. ಇದರಿಂದ ಶ್ವಾಸಕೋಶವೇನೂ ದೊಡ್ಡದಾಗುವುದಿಲ್ಲ, ಬೆಳೆದವರಿಗೆ ಅದು ಇದ್ದಷ್ಟೇ. ಬದಲಾಗುವುದು ಅದನ್ನು ತುಂಬುವ ಸ್ನಾಯುಗಳ ಬಲ ಮತ್ತು ನಮ್ಮ ರೂಢಿ. ಮೆಟ್ಟಿಲು ಹತ್ತುವಾಗ ಗೊತ್ತಾಗದೆಯೇ ನಾಲ್ಕಕ್ಕೆ ಒಳಗೆ ಎಂಟಕ್ಕೆ ಹೊರಗೆ ಅಂತ ಶುರುವಾಗಿಬಿಡುತ್ತದೆ, ಮೇಲೆ ತಲುಪಿದಾಗ ಮಾತಾಡಲು ಉಸಿರು ಉಳಿದಿರುತ್ತದೆ.

ಇನ್ನೊಂದು ಲಾಭ ನಾನು ಎಣಿಸಿಯೇ ಇರಲಿಲ್ಲ. ಉಸಿರು ಒಳಗೆ ಹೋಗುವಾಗ ಎದೆಬಡಿತ ಸ್ವಲ್ಪ ಏರುತ್ತದೆ, ಹೊರಗೆ ಬರುವಾಗ ಇಳಿಯುತ್ತದೆ. ಹಾಗಾಗಿ ಹೊರಗೆ ಬಿಡುವ ಉಸಿರು ಉದ್ದವಾದಷ್ಟೂ ಮೈ ಶಾಂತವಾಗುತ್ತದೆ. ಊದುವ ವಾದ್ಯದವರು ಮಾಡುವುದು ಇಡೀ ಹೊತ್ತು ಅದನ್ನೇ, ಗಬಕ್ಕನೆ ಒಂದು ಉಸಿರು ಒಳಗೆ, ಉದ್ದಕ್ಕೆ ಹೊರಗೆ. ಕೆಲಸದಲ್ಲಿ ಯಾರ ಜೊತೆಯೋ ಮಾತಿಗೆ ಮಾತು ಬೆಳೆದ ದಿನವೂ ತಾಲೀಮಿಗೆ ಹೋಗಿ ಬಂದರೆ ರಾತ್ರಿ ನಿದ್ದೆ ಬರುತ್ತದೆ. ಧ್ಯಾನಕ್ಕೆ ಅಂತ ಎಷ್ಟೋ ಸಲ ಕೂತು ಎದ್ದವನು ನಾನು. ಕಣ್ಣು ಮುಚ್ಚಿದರೆ ನನ್ನ ತಲೆ ಇನ್ನೂ ಜಾಸ್ತಿ ಓಡುತ್ತದೆ. ಇಲ್ಲಿ ಕಾಲು, ಬೆರಳು, ತುಟಿ, ಕಣ್ಣು ಎಲ್ಲಕ್ಕೂ ಕೆಲಸ ಇರುವುದರಿಂದ ತಲೆಗೆ ಅಲೆದಾಡಲು ಜಾಗವೇ ಇರುವುದಿಲ್ಲ.

ಉಸಿರಿನ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ್ದು ಮಾತ್ರ ಇದಲ್ಲ. ಉದ್ದ ಸ್ವರ ಬಂದಾಗ ಇಡೀ ಸಾಲು ಒಟ್ಟಿಗೆ ಉಸಿರು ಎಳೆದುಕೊಳ್ಳಬಾರದು, ಎಳೆದುಕೊಂಡರೆ ಸಂಗೀತದಲ್ಲಿ ತೂತು ಬೀಳುತ್ತದೆ. ಹಾಗಾಗಿ ಯಾರು ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಮೊದಲೇ ಮಾತಾಡಿಕೊಂಡಿರುತ್ತೇವೆ. ನಾನು ಮೂರನೇ ಬೀಟಿನಲ್ಲಿ ಉಸಿರು ತೆಗೆದುಕೊಂಡರೆ ಪಕ್ಕದವರು ಆರನೆಯದರಲ್ಲಿ. ಕೇಳುವವರಿಗೆ ಸ್ವರ ಎಲ್ಲೂ ಕಡಿಯದೆ ಹರಿಯುತ್ತದೆ. ನಾನು ಬಿಟ್ಟ ಜಾಗವನ್ನು ಇನ್ನೊಬ್ಬರು ತುಂಬುತ್ತಾರೆ ಅನ್ನುವ ನಂಬಿಕೆ ಇಲ್ಲದಿದ್ದರೆ ಇದು ನಡೆಯುವುದೇ ಇಲ್ಲ. ಎಲ್ಲವನ್ನೂ ನಾನೇ ಮಾಡಬೇಕು ಅನ್ನುವ ಸ್ವಭಾವ ನನ್ನದು. ಕೆಲಸದಲ್ಲಿ ರಜೆ ಹಾಕುವಾಗಲೂ ಹತ್ತು ಸಲ ಯೋಚಿಸುತ್ತಿದ್ದವನಿಗೆ, ಸ್ವರದ ಮಧ್ಯದಲ್ಲೇ ತುಟಿ ಎತ್ತಿ ಸುಮ್ನೆ ನಡೆಯುವುದನ್ನು ಕಲಿಯಲು ಸಮಯ ಹಿಡಿಯಿತು.

ಮೇಲೆ ಹೇಳಿದೆನಲ್ಲ, ನಿಲ್ಲಿಸುವ ಚಟ. ಅದು ಬಿಟ್ಟುಹೋದದ್ದು ಹೀಗೆ. ಬ್ಯಾಂಡಿನಲ್ಲಿ ಒಂದು ನಿಯಮ ಇದೆ. ಎಲ್ಲವೂ ಕೈತಪ್ಪುತ್ತಿದೆ ಅನಿಸಿದಾಗ ಮೊದಲು ಬಿಡಬೇಕಾದ್ದು ಸ್ವರ, ಕೊನೆಗೂ ಬಿಡಬಾರದ್ದು ಹೆಜ್ಜೆ. ಒಂದು ಸ್ವರ ಹೋದರೆ ಕೇಳುವವರಿಗೆ ಗೊತ್ತೂ ಆಗುವುದಿಲ್ಲ. ಹೆಜ್ಜೆ ನಿಂತರೆ ಹಿಂದಿನವರು ಬಂದು ಡಿಕ್ಕಿ ಹೊಡೆಯುತ್ತಾರೆ. ಆದ್ದರಿಂದ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಶುರು ಮಾಡುವ ಮಾತೇ ಇಲ್ಲ. ವಾದ್ಯ ಬಾಯಿಯ ಹತ್ತಿರವೇ ಇರಬೇಕು, ಬೆರಳು ವಾಲ್ವ್‌ಗಳ ಮೇಲೆ ಆಡುತ್ತಲೇ ಇರಬೇಕು, ಮುಂದಿನ ಸಾಲು ಎಡಗಾಲಿಗೆ ಶುರುವಾಗುವಾಗ ಒಳಗೆ ನುಗ್ಗಬೇಕು. ಅಷ್ಟೇ.

ಎಡಗಾಲು ಇಲ್ಲಿ ದೊಡ್ಡ ಆಸರೆ. ಮಾರ್ಚ್ ಸಂಗೀತ ಎರಡು ಬೀಟಿನ ಲೆಕ್ಕದ್ದು, ಪ್ರತಿ ಲೆಕ್ಕದ ಮೊದಲ ಬೀಟಿಗೆ ಎಡಗಾಲು. ರಾಗ ಮೈಗೆ ಹತ್ತಿದ ಮೇಲೆ ಯಾವ ಸಾಲು ಯಾವ ಕಾಲಿಗೆ ಅನ್ನುವುದು ಕಾಲಿಗೇ ಗೊತ್ತಿರುತ್ತದೆ. ಎಡಗಾಲಿಗೆ ಬರಬೇಕಾದ ಸಾಲು ಬಲಗಾಲಿಗೆ ಬಂತು ಅಂದರೆ ಎಲ್ಲೋ ಒಂದು ಬೀಟ್ ಕಳೆದುಕೊಂಡಿದ್ದೇನೆ ಅಂತ ಅರ್ಧ ಸೆಕೆಂಡಿನಲ್ಲಿ ತಿಳಿಯುತ್ತದೆ, ಕೆಲವೊಮ್ಮೆ ಕಿವಿಗಿಂತ ಮೊದಲೇ. ಕಾಲೇ ತಪ್ಪಿದ್ದರೆ ಅದಕ್ಕೂ ಒಂದು ಉಪಾಯ ಇದೆ, ಹಿಂದಿನ ಪಾದವನ್ನು ಮುಂದಿನ ಹಿಮ್ಮಡಿಯ ಹತ್ತಿರ ಚುಟುಕಾಗಿ ತಂದು ಒಂದು ಅರ್ಧ ಹೆಜ್ಜೆ ಸೇರಿಸಿದರೆ ಕಾಲು ಬದಲಾಗುತ್ತದೆ. ಚೆನ್ನಾಗಿ ಮಾಡಿದರೆ ನೋಡುವವರಿಗೆ ಕಾಣುವುದೂ ಇಲ್ಲ.

ಹೀಗೆ ನಿಲ್ಲದೇ ಸರಿಮಾಡಿಕೊಳ್ಳುವುದನ್ನು ಕಲಿತೆನಲ್ಲ, ನಾನು ಬ್ಯಾಂಡಿನಿಂದ ಹೊರಗೆ ತಂದದ್ದರಲ್ಲಿ ಅತಿ ಬೆಲೆಬಾಳುವುದು ಅದೇ. ನಾಲ್ಕು ಜನರ ಮುಂದೆ ಮಾತಾಡುವಾಗ ಹೇಳಬೇಕಾದ್ದು ಮರೆತುಹೋದರೆ ಮೊದಲೆಲ್ಲ ಕ್ಷಮಿಸಿ ಕ್ಷಮಿಸಿ ಅಂತ ತಡವರಿಸಿ ಹಿಂದಕ್ಕೆ ಹೋಗುತ್ತಿದ್ದೆ. ಈಗ ಒಂದು ಉಸಿರು, ಮುಂದಿನ ವಿಷಯ. ಹಿಂದೆ ಬಿಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ, ಗೊತ್ತಾದರೂ ಅವರಿಗೆ ಅದು ಮುಖ್ಯವಲ್ಲ. ಧೈರ್ಯದ ಬಗ್ಗೆ ಯಾರೆಷ್ಟು ಉಪದೇಶ ಮಾಡಿದರೂ ಬಾರದ್ದು ಇದು.

ಕಣ್ಣಿನ ಕಥೆ ಇನ್ನೂ ಮಜಾ. ಸಂಗೀತ ಅಂದರೆ ಕಿವಿ ಅಂತ ತಾನೇ ನಾವೆಲ್ಲ ಅಂದುಕೊಂಡಿರೋದು? ಬಯಲಿನಲ್ಲಿ ಚದುರಿ ನಿಂತು ನುಡಿಸುವಾಗ ಕಿವಿಯನ್ನು ನಂಬಿದರೆ ಕೆಟ್ಟೆವು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅರವತ್ತು ಮೀಟರ್ ಆಚೆ ಇರುವವರ ಸ್ವರ ನನಗೆ ಕೇಳುವ ಹೊತ್ತಿಗೆ ಒಂದು ಬೀಟಿನ ಮೂರನೇ ಒಂದು ಭಾಗ ಆಗಲೇ ಕಳೆದಿರುತ್ತದೆ. ಅದಕ್ಕೆ ಸರಿಯಾಗಿ ನಾನು ಊದಿದರೆ ನನ್ನದು ಅವರಿಗೆ ಇನ್ನೂ ತಡವಾಗಿ ಕೇಳುತ್ತದೆ, ಒಬ್ಬರಿಗೊಬ್ಬರು ಕಾಯುತ್ತಾ ಇಡೀ ಬ್ಯಾಂಡ್ ಎಳೆದಾಡಿಬಿಡುತ್ತದೆ. ಹಾಗಾಗಿ ಮುಂದೆ ನಿಂತು ಕೈಯಲ್ಲೇ ತಾಳ ತೋರಿಸುವ ಡ್ರಮ್ ಮೇಜರ್ ಕೈ ನೋಡಿಕೊಂಡು ನುಡಿಸಬೇಕು, ದೂರದಿಂದ ಬರುವ ಸದ್ದನ್ನು ಕೇಳಿಯೂ ಕೇಳದಂತೆ ಇರಬೇಕು. ಒಳ್ಳೆಯ ಡ್ರಮ್ಮರ್‌ಗಳು ಹಿಂದೆ ಇದ್ದರೆ ಮಾತ್ರ ಹಿಂದಿನ ಸದ್ದಿಗೆ ಕಿವಿ ಕೊಡಬಹುದು, ಅದು ಎಲ್ಲರನ್ನೂ ದಾಟಿಕೊಂಡು ಕೇಳುವವರ ಕಡೆಗೇ ಹೋಗುತ್ತಿರುತ್ತದೆ.

ಡ್ರಮ್ ಮೇಜರ್ ಮೇಲೆ ಕಣ್ಣಿಟ್ಟರೆ ಸಾಲು ನೋಡೋದು ಯಾರು? ಅದಕ್ಕೆ ಕಣ್ಣಂಚು. ತಲೆ ತಿರುಗಿಸುವ ಹಾಗಿಲ್ಲ. ಬಲಗಡೆಯವರ ವಾದ್ಯದ ಹೊಳಪು, ಎಡಗಡೆಯವರ ಮೊಣಕೈ ಇಷ್ಟರಲ್ಲೇ ಸಾಲು ನೆಟ್ಟಗಿದೆಯೋ ಇಲ್ಲವೋ ತಿಳಿಯಬೇಕು. ಇದು ಮೊದಮೊದಲು ಆಗುವುದೇ ಇಲ್ಲ. ಆಮೇಲೆ ಒಂದು ದಿನ ಆಗುತ್ತಿರುತ್ತದೆ. ಈಗ ಗಾಡಿ ಓಡಿಸುವಾಗ ಪಕ್ಕದಿಂದ ನುಗ್ಗುವವರು ನನಗೆ ಮೊದಲಿಗಿಂತ ಬೇಗ ಕಾಣುತ್ತಾರೆ. ನನ್ನ ಭ್ರಮೆಯೂ ಇರಬಹುದು, ಆದರೆ ಬ್ಯಾಂಡಿನ ಇನ್ನಿಬ್ಬರೂ ಇದನ್ನೇ ಹೇಳಿದರು.

ತಿರುವಿನಲ್ಲಿ ಇದೆಲ್ಲಕ್ಕೂ ಪರೀಕ್ಷೆ. ಐದು ಜನರ ಸಾಲು, ಒಬ್ಬರಿಂದ ಒಬ್ಬರಿಗೆ ಒಂದೂವರೆ ಮೀಟರ್ ಅಂತರ ಅಂತ ಇಟ್ಟುಕೊಳ್ಳಿ. 90 ಡಿಗ್ರಿ ತಿರುಗುವಾಗ ಒಳತುದಿಯವರು ನಿಂತಲ್ಲೇ ಹೆಜ್ಜೆ ಹಾಕುತ್ತಾರೆ, ಹೊರತುದಿಯವರು ಒಂಬತ್ತು ಮೀಟರಿಗಿಂತ ಜಾಸ್ತಿ ನಡೆಯಬೇಕು. ಹದಿನಾರು ಹೆಜ್ಜೆಯಲ್ಲಿ ಮುಗಿಸಬೇಕಾದರೆ ಹೊರಗಿನವರದು ಸುಮಾರು 59 ಸೆಂಟಿಮೀಟರಿನ ಹೆಜ್ಜೆ, ಒಳಗಿನಿಂದ ಎರಡನೆಯವರದು ಬರೀ 15. ಅಷ್ಟು ಪುಟ್ಟ ಹೆಜ್ಜೆಯನ್ನು ಅದೇ ತಾಳದಲ್ಲಿ ಹಾಕುವುದು ದೊಡ್ಡ ಹೆಜ್ಜೆಗಿಂತ ಕಷ್ಟ ಅಂತ ಮಾಡಿದವರಿಗೇ ಗೊತ್ತು. ಹೊರಗಿನವರು ಬೆವರು ಸುರಿಸುತ್ತಾರೆ, ನೋಡುವವರ ಮೆಚ್ಚುಗೆ ಅವರಿಗೆ ಹೋಗುತ್ತದೆ. ಒಳಗಿನವರು ತಮ್ಮನ್ನು ತಾವು ತಡೆದುಕೊಂಡಿರುತ್ತಾರೆ, ಅದು ಯಾರಿಗೂ ಕಾಣುವುದಿಲ್ಲ. ನನ್ನ ಜಾಗ ಒಳಗಿನಿಂದ ಎರಡನೆಯದು!

ಒಟ್ಟಿಗೆ ಹೆಜ್ಜೆ ಹಾಕುವುದರಲ್ಲೇ ಏನೋ ಇದೆ ಅಂತ ಕಂಡುಕೊಂಡವನು ನಾನೊಬ್ಬನೇ ಅಲ್ಲ. ಅಮೆರಿಕದ ಇತಿಹಾಸಕಾರ ವಿಲಿಯಂ ಮೆಕ್‌ನೀಲ್ 1941ರಲ್ಲಿ ಸೈನ್ಯಕ್ಕೆ ಸೇರಿದಾಗ ಕವಾಯತಿನಲ್ಲಿ ಸುಮ್ನೆ ಗಂಟೆಗಟ್ಟಲೆ ಹೆಜ್ಜೆ ಹಾಕಿಸುತ್ತಿದ್ದರಂತೆ, ಅದು ಬೇಸರ ಅನಿಸುವ ಬದಲು ಒಂಥರಾ ಖುಷಿ ಕೊಟ್ಟಿತ್ತಂತೆ. ಆ ಖುಷಿ ಯಾಕೆ ಅಂತ ಹುಡುಕಿಕೊಂಡು ಹೋಗಿ ಅವರು ಎಷ್ಟೋ ದಶಕಗಳ ನಂತರ ಅದರ ಮೇಲೆಯೇ ಬರೆದರು. 2009ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರಾದ ಸ್ಕಾಟ್ ವಿಲ್ಟರ್‌ಮತ್ ಮತ್ತು ಚಿಪ್ ಹೀತ್ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಕೆಲವರನ್ನು ಒಂದೇ ಹೆಜ್ಜೆಯಲ್ಲಿ ನಡೆಸಿದರು, ಕೆಲವರನ್ನು ಅವರವರ ಪಾಡಿಗೆ. ಆಮೇಲೆ ಆಡಿಸಿದ ಆಟದಲ್ಲಿ ಹೆಜ್ಜೆ ಕೂಡಿಸಿ ನಡೆದವರು ಒಬ್ಬರಿಗೊಬ್ಬರು ಜಾಸ್ತಿ ಸಹಕಾರ ಕೊಟ್ಟರು. ನನಗೆ ಇದು ಆಶ್ಚರ್ಯ ಅನಿಸಲಿಲ್ಲ. ನಮ್ಮ ಬ್ಯಾಂಡಿನಲ್ಲಿ ವಯಸ್ಸಿನಲ್ಲಿ ಅಪ್ಪ ಮಗಳಷ್ಟು ಅಂತರ ಇರುವವರು, ಯಾವ ವಿಷಯದಲ್ಲೂ ಒಮ್ಮತ ಇಲ್ಲದವರು ಇದ್ದಾರೆ. ಹೊರಗಡೆ ಸಿಕ್ಕಿದ್ದರೆ ಇವರಲ್ಲಿ ಅರ್ಧ ಜನರ ಜೊತೆ ನಾನು ಎರಡು ಮಾತೂ ಆಡುತ್ತಿರಲಿಲ್ಲವೇನೋ. ಇಲ್ಲಿ ಮಾತಿಗಿಂತ ಮೊದಲು ಹೆಜ್ಜೆ ಕೂಡುತ್ತದೆ, ಮಾತು ಆಮೇಲೆ ತಾನಾಗಿ ಬರುತ್ತದೆ.

ಮೊದಲ ಮೆರವಣಿಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಸಿಲಿತ್ತು, ವಾದ್ಯ ಕಾದಿತ್ತು, ಶೃತಿ ಏರಿತ್ತು. ಗಾಳಿ ಬಿಸಿಯಾದಷ್ಟೂ ಅದರೊಳಗೆ ಶಬ್ದ ಬೇಗ ಓಡುತ್ತದೆ, ಹಾಗಾಗಿ ಊದುವ ವಾದ್ಯಗಳ ಶೃತಿ ಮೇಲಕ್ಕೆ ಹೋಗುತ್ತದೆ. ಟ್ಯೂನಿಂಗ್ ಸ್ಲೈಡನ್ನು, ಅಂದರೆ ಶೃತಿ ಹೊಂದಿಸುವ ಜಾರುಕೊಳವೆಯನ್ನು, ಸ್ವಲ್ಪ ಹೊರಗೆ ಎಳೆದು ಸರಿಮಾಡಿಕೊಂಡೆವು. ಜನ ಇದ್ದರು, ಚಪ್ಪಾಳೆ ತಟ್ಟಿದರು, ಮುಗಿಯಿತು. ನಿಜ ಹೇಳಬೇಕೆಂದರೆ ನನಗೆ ತಾಲೀಮೇ ಇದಕ್ಕಿಂತ ಇಷ್ಟ.

ಲಾಭ ಮಾತ್ರ ಹೇಳಿ ನಷ್ಟ ಮುಚ್ಚಿಟ್ಟರೆ ಸರಿಯಲ್ಲ. ಬಯಲಿನಲ್ಲಿ ಜೋರಾಗಿ ಊದಿ ಊದಿ ನನ್ನ ಸ್ವರ ಒರಟಾಯಿತು. ಮೆಲ್ಲಗೆ ನುಡಿಸಬೇಕಾದ್ದು ಈಗ ಮೊದಲಿನಷ್ಟು ಚೆನ್ನಾಗಿ ಬರುವುದಿಲ್ಲ, ಅದಕ್ಕಾಗಿಯೇ ಮನೆಯಲ್ಲಿ ಕೂತು ಸಣ್ಣ ದನಿಯಲ್ಲಿ ಉದ್ದುದ್ದ ಸ್ವರಗಳ ಅಭ್ಯಾಸ ಬೇರೆ ಮಾಡಬೇಕಾಗಿದೆ. ಸಂಗೀತದಲ್ಲಿ ಮೇಲೇರಬೇಕು ಅನ್ನುವ ಒಂದೇ ಆಸೆಯಿಂದ ಸೇರುವವರು ಇದನ್ನು ತಿಳಿದಿರಲಿ.

ಕಿವಿಯ ವಿಷಯ ಇನ್ನೂ ಗಂಭೀರ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು, ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧವಾಗುತ್ತಾ ಹೋಗುತ್ತದೆ. 100 ಡೆಸಿಬಲ್‌ಗೆ ಬರುವ ಹೊತ್ತಿಗೆ ಉಳಿಯುವುದು 15 ನಿಮಿಷ. ಸ್ನೇರ್ ಡ್ರಮ್ ಪಕ್ಕದಲ್ಲಿ 100 ದಾಟುವುದು ಏನೂ ದೊಡ್ಡದಲ್ಲ. ಸಂಗೀತಗಾರರಿಗೆ ಅಂತಲೇ ಸಿಗುವ ಇಯರ್‌ಪ್ಲಗ್ ಹಾಕಿಕೊಂಡರೆ ಸ್ವರ ಸ್ಪಷ್ಟವಾಗಿಯೇ ಕೇಳುತ್ತದೆ, ಸದ್ದು ಮಾತ್ರ ತಗ್ಗುತ್ತದೆ. ಹಿಂದಿನ ಕಾಲದವರು ಹಾಕಿಕೊಳ್ಳುತ್ತಿರಲಿಲ್ಲ ಅಂತ ಯಾರಾದರೂ ನಕ್ಕರೆ, ಅವರ ಜೊತೆ ಮೆಲ್ಲನೆಯ ದನಿಯಲ್ಲಿ ಮಾತಾಡಿ ನೋಡಿ, ಎಷ್ಟು ಸಲ "ಹಾಂ?" ಅನ್ನುತ್ತಾರೆ ಅಂತ.

ಸೇರಬೇಕು ಅನಿಸಿದವರು ಮೊದಲ ದಿನ ತೆಳು ಅಡಿಯ, ಬಾಗುವ ಶೂ ಹಾಕಿಕೊಂಡು ಹೋಗಿ. ಓಟಕ್ಕೆ ಅಂತ ಮಾಡಿದ ದಪ್ಪ ಮೆತ್ತನೆಯ ಶೂನಲ್ಲಿ ಪಾದ ಉರುಳುವುದು ಗೊತ್ತೇ ಆಗುವುದಿಲ್ಲ. ಯಾವ ವಾದ್ಯ ಅಂತ ಕೇಳಿದರೆ ಟ್ರಂಪೆಟ್‌ಗೆ ಯಾವಾಗಲೂ ಜನ ಜಾಸ್ತಿ, ಯೂಫೋನಿಯಂಗೆ ಯಾವಾಗಲೂ ಕಡಿಮೆ. ನಮ್ಮ ಸಾಲಿನಲ್ಲಂತೂ ಈಗಲೂ ಒಂದು ಜಾಗ ಖಾಲಿ ಇದೆ.